ಕ್ಲೌಡ್ ವರ್ಕ್‌ಸ್ಪೇಸ್‌ಗೆ ಬೇಸ್ ಇಮೇಜ್: ಆಲ್ಪೈನ್ ಬಿಟ್ಟರೆ ಯಾವುದಕ್ಕೆ ಹೋಗೋದು?

ಹೊಸಪದರ

ಕುಬರ್ನೆಟಿಸ್ (ಕಂಟೇನರ್‌ಗಳನ್ನು ಹಲವು ಯಂತ್ರಗಳಲ್ಲಿ ಓಡಿಸೋ ವ್ಯವಸ್ಥೆ) ಮೇಲೆ ಡೆವಲಪ್‌ಮೆಂಟ್ ವರ್ಕ್‌ಸ್ಪೇಸ್. ಒಬ್ಬರಿಗೆ ಒಂದು ಪಾಡ್ (ಕಂಟೇನರ್ ಓಡೋ ಘಟಕ), /ಹೋಮ್/ಡೆವ್ ಮೇಲೆ ಪರ್ಸಿಸ್ಟೆಂಟ್ ವಾಲ್ಯೂಮ್ (ಪಾಡ್ ಹೋದರೂ ಉಳಿಯೋ ಡಿಸ್ಕ್), ಎಡಿಟರ್ ವಿಎಸ್ ಕೋಡ್ ರಿಮೋಟ್. ಕೋಡ್ ಪೈಥಾನ್ 3.12 ಮತ್ತು ನೋಡ್ 22. ಗೋದಲ್ಲಿ ಬರೆದ ಒಂದೆರಡು ಸಣ್ಣ ಟೂಲ್ ಕೂಡ ಇವೆ. ಪ್ರೊಡಕ್ಷನ್‌ನಲ್ಲಿ ಓಡೋದು ಪೈಥಾನ್:3.12-ಸ್ಲಿಮ್-ಬುಕ್‌ವರ್ಮ್, ಅಂದರೆ ಡೆಬಿಯನ್ 12 ಮೇಲಿನ ಚಿಕ್ಕ ಪೈಥಾನ್ ಇಮೇಜ್.

ವರ್ಕ್‌ಸ್ಪೇಸ್ ಇಮೇಜ್ ಮಾತ್ರ ಆಲ್ಪೈನ್ (ತೀರಾ ಚಿಕ್ಕ ಲಿನಕ್ಸ್) ಮೇಲಿದೆ. "ಚಿಕ್ಕದು" ಅನ್ನೋದು ಬಿಟ್ಟರೆ ಬೇರೆ ಕಾರಣ ಇಲ್ಲ. ಈಗ ತೊಂದರೆ ಎರಡು. ಪಿಪ್ ಇನ್‌ಸ್ಟಾಲ್ ಕೊಟ್ಟರೆ ಕೆಲವು ಪ್ಯಾಕೇಜ್‌ಗಳು ಸಿ ಕಂಪೈಲ್‌ಗೆ ಇಳಿಯುತ್ತವೆ, ನಿಮಿಷಗಟ್ಟಲೆ ಕೂರಬೇಕು. ಎರಡನೆಯದು, ಹೊರಗಿಂದ ಇಳಿಸಿದ ಒಂದು ಲಿಂಟರ್ ಬೈನರಿ: ಎಲ್ಎಸ್ ಹೊಡೆದರೆ ಫೈಲ್ ಕಾಣುತ್ತೆ, ಎಕ್ಸಿಕ್ಯೂಟ್ ಪರ್ಮಿಶನ್ ಇದೆ, ಓಡಿಸಿದರೆ "ನಾಟ್ ಫೌಂಡ್".

ಕೇಳಬೇಕಿರೋದು ಇಷ್ಟು. ಡೆಬಿಯನ್ ಸ್ಲಿಮ್, ಪೂರ್ತಿ ಡೆಬಿಯನ್, ಉಬುಂಟು 24.04, ಎಲ್ಲ ಭಾಷೆಗಳನ್ನೂ ತುಂಬಿಟ್ಟ ರೆಡಿಮೇಡ್ ಯುನಿವರ್ಸಲ್ ಇಮೇಜ್ – ಇದರಲ್ಲಿ ಯಾವುದು? ಇಮೇಜ್ ದೊಡ್ಡದಾದರೆ ಪಾಡ್ ಏಳೋದು ಎಷ್ಟು ತಡ ಆಗುತ್ತೆ? ಒಳಗೆ ರೂಟ್ ಆಗಿರಬೇಕಾ, ಬೇರೆ ಯೂಸರ್ ಬೇಕಾ?

---

ಅಡಿಪಾಯ

ಮೊದಲು ಆ "ನಾಟ್ ಫೌಂಡ್" ವಿಷಯ. ಕಾಣೆಯಾಗಿರುವುದು ನಿಮ್ಮ ಬೈನರಿ ಅಲ್ಲ, ಅದನ್ನು ಓಡಿಸಬೇಕಾದ ಲೋಡರ್. ಡೈನಮಿಕ್ ಲಿಂಕ್ ಆದ ಪ್ರತಿ ಲಿನಕ್ಸ್ ಬೈನರಿಯ ಒಳಗೆ ತನ್ನ ಲೋಡರ್‌ನ ಪೂರ್ತಿ ಹಾದಿ ಬರೆದಿರುತ್ತದೆ. ರೀಡ್‌ಎಲ್ಫ್ -ಎಲ್ ಕೊಟ್ಟು ನೋಡಿ, "ಇಂಟರ್‌ಪ್ರಿಟರ್" ಅಂತ ಒಂದು ಸಾಲು ಬರುತ್ತದೆ. ಜಿಲಿಬ್‌ಸಿ (ಡೆಬಿಯನ್, ಉಬುಂಟು ಬಳಸುವ ಮೂಲ ಸಿ ಲೈಬ್ರರಿ) ಮೇಲೆ ಕಟ್ಟಿದ್ದಾದರೆ ಅಲ್ಲಿ /ಲಿಬ್64/ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್ಓ.2 ಇರುತ್ತದೆ. ಆಲ್ಪೈನ್‌ನಲ್ಲಿ ಆ ಫೈಲೇ ಇಲ್ಲ, ಅಲ್ಲಿರುವುದು ಮಸಲ್ ಅನ್ನುವ ಬೇರೆ ಸಿ ಲೈಬ್ರರಿಯ ಲೋಡರ್. ಕರ್ನಲ್ "ಆ ಹಾದಿಯಲ್ಲಿ ಫೈಲ್ ಇಲ್ಲ" ಅನ್ನುತ್ತದೆ, ಶೆಲ್ ಅದನ್ನೇ ನಿಮ್ಮ ಲಿಂಟರ್ ಹೆಸರಿಗೆ ಅಂಟಿಸಿ ಹೇಳುತ್ತದೆ. ಜಿಕಂಪ್ಯಾಟ್ (ಮಸಲ್ ಮೇಲೆ ಜಿಲಿಬ್‌ಸಿಯಂತೆ ನಟಿಸುವ ಪದರ) ಹಾಕಿದರೆ ಕೆಲವು ಬೈನರಿ ಓಡುತ್ತವೆ, ಕೆಲವು ಅರ್ಧ ಓಡಿ ಬೀಳುತ್ತವೆ. ಡೆವಲಪ್‌ಮೆಂಟ್ ಪರಿಸರಕ್ಕೆ ಆ ತೇಪೆ ಬೇಡ.

ಪಿಪ್ ನಿಧಾನವಾಗುವುದೂ ಇದೇ ಕಾರಣಕ್ಕೆ. ಪೈಪಿಐನಲ್ಲಿ (ಪೈಥಾನ್ ಪ್ಯಾಕೇಜ್ ಭಂಡಾರ) ಸಿಗುವ ಮೆನಿಲಿನಕ್ಸ್ ವೀಲ್‌ಗಳು, ಅಂದರೆ ಮೊದಲೇ ಕಂಪೈಲ್ ಆದ ಪ್ಯಾಕೇಜ್‌ಗಳು, ಜಿಲಿಬ್‌ಸಿಗಾಗಿ ಕಟ್ಟಿದವು. ಮಸಲ್‌ಗೆ ಮಸಲ್‌ಲಿನಕ್ಸ್ ಅನ್ನುವ ಬೇರೆ ಟ್ಯಾಗ್ 2021ರಲ್ಲಿ ಬಂತು. ದೊಡ್ಡ ಪ್ಯಾಕೇಜ್‌ಗಳು ಎರಡನ್ನೂ ಕೊಡುತ್ತವೆ, ಉಳಿದವು ಕೊಡುವುದಿಲ್ಲ. ವೀಲ್ ಸಿಗದಿದ್ದರೆ ಪಿಪ್ ಸೋರ್ಸ್ ಇಳಿಸಿ ಜಿಸಿಸಿ ಹುಡುಕಲು ಶುರುಮಾಡುತ್ತದೆ.

ಇನ್ನು ಕಣ್ಣಿಗೆ ಬೀಳದ ಒಂದು ವ್ಯತ್ಯಾಸ. ಮಸಲ್‌ನಲ್ಲಿ ಹೊಸ ಥ್ರೆಡ್‌ಗೆ ಡೀಫಾಲ್ಟ್ ಸ್ಟ್ಯಾಕ್ 128 ಕೆಬಿ. ಜಿಲಿಬ್‌ಸಿಯಲ್ಲಿ ಸಾಮಾನ್ಯವಾಗಿ 8 ಎಂಬಿ. ಆಳದ ರಿಕರ್ಶನ್ ಇರುವ ಕೋಡ್ ವರ್ಕ್‌ಸ್ಪೇಸ್‌ನಲ್ಲಿ ಸೆಗ್‌ಫಾಲ್ಟ್ ಆಗಿ ಪ್ರೊಡಕ್ಷನ್‌ನಲ್ಲಿ ಸರಿಯಾಗಿ ಓಡಬಹುದು. ಇಂಥದ್ದನ್ನು ಬೆನ್ನುಹತ್ತಿ ಹೋದರೆ ಒಂದು ದಿನ ಹೋದ ಹಾಗೆ.

ಹಾಗಾಗಿ ಆಯ್ಕೆ ಸುಲಭ: ಪ್ರೊಡಕ್ಷನ್ ಬುಕ್‌ವರ್ಮ್ ಆಗಿದ್ದರೆ ವರ್ಕ್‌ಸ್ಪೇಸೂ ಬುಕ್‌ವರ್ಮ್. ಉಬುಂಟು 24.04 ಕೆಟ್ಟದ್ದಲ್ಲ, ಆದರೆ ಜಿಲಿಬ್‌ಸಿ ಒಮ್ಮುಖ ರಸ್ತೆ. ಹಳೆಯದರ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತದೆ, ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುವ ಖಾತ್ರಿ ಇಲ್ಲ. ಜಿಲಿಬ್‌ಸಿ ಆವೃತ್ತಿ ಉಬುಂಟು 22.04ರಲ್ಲಿ 2.35, ಡೆಬಿಯನ್ 12 ಬುಕ್‌ವರ್ಮ್‌ನಲ್ಲಿ 2.36, ಉಬುಂಟು 24.04ರಲ್ಲಿ 2.39, ಡೆಬಿಯನ್ 13 ಟ್ರಿಕ್ಸಿಯಲ್ಲಿ 2.41. 24.04ರಲ್ಲಿ ಕಂಪೈಲ್ ಮಾಡಿದ ಸಿ++ ಎಕ್ಸ್‌ಟೆನ್ಷನ್ ಒಂದನ್ನು ಬುಕ್‌ವರ್ಮ್‌ಗೆ ಕಾಪಿ ಮಾಡಿ, "ವರ್ಶನ್ ಜಿಲಿಬ್‌ಸಿ_2.38 ನಾಟ್ ಫೌಂಡ್" ಅಂತ ನಿಲ್ಲುವ ಸಾಧ್ಯತೆ ಚೆನ್ನಾಗಿಯೇ ಇದೆ. ಅದರಲ್ಲಿ ಹೊಸ ಫೀಚರ್ ಏನೂ ಬಳಸಿರಬೇಕಿಲ್ಲ. ಸ್ಟ್ರಿಂಗನ್ನು ಸಂಖ್ಯೆಗೆ ತಿರುಗಿಸುವ ಸ್ಟ್ರ್‌ಟಾಲ್ ಕರೆದಿದ್ದರೂ ಸಾಕು. 2.38ರಿಂದ ಹೆಡರ್‌ಗಳು ಆ ಕರೆಯನ್ನು ಸದ್ದಿಲ್ಲದೆ ಐಸೊಸಿ23 ಹೆಸರಿನ ಹೊಸ ಸಿಂಬಲ್‌ಗೆ ತಿರುಗಿಸುತ್ತವೆ. ಸಿಗೋ (ಗೋ ಕೋಡ್‌ನಿಂದ ಸಿ ಕರೆಯುವ ಸೌಲಭ್ಯ) ಆನ್ ಇದ್ದರೆ ನಿಮ್ಮ ಗೋ ಟೂಲ್‌ಗಳಿಗೂ ಇದೇ ಗತಿ ಆಗಬಹುದು.

ಎಡಿಟರ್ ಕಡೆಯಿಂದಲೂ ಒಂದು ಕೆಳಮಿತಿ ಇದೆ. ವಿಎಸ್ ಕೋಡ್‌ನ ರಿಮೋಟ್ ಸರ್ವರ್ 1.99ರಿಂದ, ಅಂದರೆ 2025ರ ಮಾರ್ಚ್ ಆವೃತ್ತಿಯಿಂದ, ಜಿಲಿಬ್‌ಸಿ 2.28 ಅಥವಾ ಹೆಚ್ಚಿನದನ್ನು ಬೇಡುತ್ತದೆ. ಸೆಂಟ್‌ಓಎಸ್ 7 (2.17), ಉಬುಂಟು 18.04 (2.27) ಎರಡೂ ಹೊರಬಿದ್ದವು. ಬುಕ್‌ವರ್ಮ್‌ಗೆ ಈ ಚಿಂತೆ ಇಲ್ಲ.

ಆಲ್ಪೈನ್ ಬಗ್ಗೆ ನನಗೆ ದ್ವೇಷವೇನಿಲ್ಲ. ಒಂದೇ ಸ್ಟ್ಯಾಟಿಕ್ ಗೋ ಬೈನರಿ ಇಟ್ಟು ಓಡಿಸುವ ಪ್ರೊಡಕ್ಷನ್ ಇಮೇಜ್‌ಗೆ ಅದು ಲಾಯಕ್ಕು. ದಿನವಿಡೀ ಕೂತು ಹೊಸ ಹೊಸ ಟೂಲ್ ಇಳಿಸಿಕೊಳ್ಳುವ ಜಾಗಕ್ಕೆ ಅಲ್ಲ.

---

ಸಣ್ಣಕ್ಷರ

ಸೈಜ್ ಲೆಕ್ಕ ನಾನು ಹೇಳ್ತೀನಿ. ಬಿಚ್ಚಿದ ಮೇಲೆ ಆಲ್ಪೈನ್ ಸುಮಾರು 8 ಎಂಬಿ, ಬುಕ್‌ವರ್ಮ್-ಸ್ಲಿಮ್ ಸುಮಾರು 75 ಎಂಬಿ, ಉಬುಂಟು 24.04 ಕೂಡ ಹೆಚ್ಚುಕಮ್ಮಿ ಅಷ್ಟೇ. ವ್ಯತ್ಯಾಸ 70 ಎಂಬಿ. ಅದರ ಮೇಲೆ ಗೋ ಟೂಲ್‌ಚೈನ್ ಒಂದನ್ನೇ ಇಟ್ಟರೂ 200 ಎಂಬಿ ದಾಟುತ್ತೆ, ನೋಡ್ ಬೈನರಿ 100ರ ಆಸುಪಾಸು, ಬಿಲ್ಡ್-ಎಸೆನ್ಷಿಯಲ್ ಇನ್ನೊಂದಿಷ್ಟು ನೂರು. ಬೇಸ್‌ನಲ್ಲಿ ಉಳಿಸಿದ 70 ಎಂಬಿ ಯಾವ ಮೂಲೆಗೆ ಹೋಯ್ತೋ ಗೊತ್ತಾಗಲ್ಲ.

ಪಾಡ್ ಏಳೋ ಹೊತ್ತನ್ನು ನಿಜವಾಗಿ ತಿನ್ನೋದು ಇಮೇಜ್‌ನ ಪದರಗಳ ಆಕಾರ. ಪದರಗಳು ಜೊತೆಜೊತೆಗೆ ಇಳಿದರೂ ಬಿಚ್ಚೋದು ಒಂದರ ಮೇಲೊಂದು, ಜಿಜಿಪ್ ಬಿಚ್ಚೋದಂತೂ ಒಂದು ಪದರಕ್ಕೆ ಒಂದೇ ಕೋರ್‌ನಲ್ಲಿ. ಎಲ್ಲವನ್ನೂ ಡಾಕರ್‌ಫೈಲ್‌ನ (ಇಮೇಜ್ ಕಟ್ಟೋ ಸೂಚನೆಗಳ ಫೈಲ್) ಒಂದೇ ರನ್ ಸಾಲಿಗೆ ತುಂಬಿ 2 ಜಿಬಿಯ ಒಂದು ಪದರ ಮಾಡಿದರೆ ಅದೇ ಅತಿ ನಿಧಾನ. ಒಂದು ಟೂಲ್‌ನ ಆವೃತ್ತಿ ಬದಲಾದರೂ ಪೂರ್ತಿ 2 ಜಿಬಿ ಮತ್ತೆ ಇಳಿಸಬೇಕು. ಅಪರೂಪಕ್ಕೆ ಬದಲಾಗೋದು ಕೆಳಗೆ, ಪದೇ ಪದೇ ಬದಲಾಗೋದು ಮೇಲೆ: ಸಿಸ್ಟಂ ಪ್ಯಾಕೇಜ್‌ಗಳು, ಆಮೇಲೆ ಗೋ, ಆಮೇಲೆ ನೋಡ್, ಕೊನೆಗೆ ನಿಮ್ಮ ಲಿಂಟರ್, ಸ್ಕ್ರಿಪ್ಟ್. ಕುಬ್‌ಲೆಟ್ (ಪ್ರತಿ ಯಂತ್ರದಲ್ಲೂ ಪಾಡ್‌ಗಳನ್ನು ಎಬ್ಬಿಸೋ ಕುಬರ್ನೆಟಿಸ್ ಭಾಗ) ಡೀಫಾಲ್ಟ್ ಆಗಿ ಒಂದು ಯಂತ್ರದಲ್ಲಿ ಒಂದು ಸಲಕ್ಕೆ ಒಂದೇ ಇಮೇಜ್ ಎಳೆಯುತ್ತೆ ಅನ್ನೋದೂ ನೆನಪಿರಲಿ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಶುರುಮಾಡಿದರೆ ಸಾಲು ನಿಲ್ಲುತ್ತೆ. ಡೀಮನ್‌ಸೆಟ್ ಒಂದನ್ನು ಬರೆದು ಪ್ರತಿ ಯಂತ್ರಕ್ಕೂ ಇಮೇಜನ್ನು ಮೊದಲೇ ಎಳೆಸಿಟ್ಟರೆ ಸೈಜ್ ಪ್ರಶ್ನೆಯೇ ಮುಗೀತು.

ಎಪಿಟಿ (ಡೆಬಿಯನ್‌ನ ಪ್ಯಾಕೇಜ್ ಟೂಲ್) ಸಾಲು ಬರೆಯುವಾಗ ಅಪ್‌ಡೇಟ್, ಇನ್‌ಸ್ಟಾಲ್, ಕೊನೆಗೆ /ವಾರ್/ಲಿಬ್/ಎಪಿಟಿ/ಲಿಸ್ಟ್ಸ್ ಅಳಿಸೋದು, ಮೂರೂ ಒಂದೇ ರನ್‌ನಲ್ಲಿ. ಅಳಿಸೋದನ್ನು ಮುಂದಿನ ರನ್‌ಗೆ ಬಿಟ್ಟರೆ ಒಂದು ಬೈಟೂ ಕಮ್ಮಿ ಆಗಲ್ಲ, ಕೆಳಗಿನ ಪದರದಲ್ಲಿ ಅದು ಕೂತೇ ಇರುತ್ತೆ. ಅಪ್‌ಡೇಟನ್ನು ಬೇರೆ ರನ್‌ನಲ್ಲಿ ಇಟ್ಟರೆ ಅದು ಕ್ಯಾಶ್‌ನಲ್ಲಿ ಉಳಿದು, ತಿಂಗಳ ನಂತರ ಹೊಸ ಪ್ಯಾಕೇಜ್ ಸೇರಿಸಿದಾಗ ಹಳೇ ಪಟ್ಟಿ ಹಿಡಿದು ಹೋಗಿ 404 ತರುತ್ತೆ.

--ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಹಾಕಿ, ಆದರೆ ಗಿಟ್ ವಿಷಯದಲ್ಲಿ ಹುಷಾರು. ಡೆಬಿಯನ್‌ನಲ್ಲಿ ಗಿಟ್‌ಗೆ "ರೆಕಮೆಂಡ್ಸ್" ಆಗಿರೋದು ಸಿಎ-ಸರ್ಟಿಫಿಕೇಟ್ಸ್, ಪ್ಯಾಚ್, ಲೆಸ್, ಎಸ್ಎಸ್ಎಚ್ ಕ್ಲೈಂಟ್. ಆ ಫ್ಲಾಗ್ ಹಾಕಿದ ಕೂಡಲೇ ನಾಲ್ಕೂ ಬಿಟ್ಟುಹೋಗುತ್ತೆ. ಆಮೇಲೆ ಎಚ್‌ಟಿಟಿಪಿಎಸ್ ಕ್ಲೋನ್ ಮಾಡಿದರೆ "ಸರ್ವರ್ ಸರ್ಟಿಫಿಕೇಟ್ ವೆರಿಫಿಕೇಶನ್ ಫೇಲ್ಡ್", ಎಸ್ಎಸ್ಎಚ್ ಕ್ಲೋನ್ ಮಾಡಿದರೆ "ಕೆನಾಟ್ ರನ್ ಎಸ್ಎಸ್ಎಚ್" ಬರುತ್ತೆ. ಕೆಲವರು ಮೊದಲನೆಯದಕ್ಕೆ ಎಸ್ಎಸ್ಎಲ್-ವೆರಿಫೈ ಆಫ್ ಮಾಡಿಬಿಡ್ತಾರೆ. ಬೇಡ ಮಾರಾಯ್ರೆ, ಸಿಎ-ಸರ್ಟಿಫಿಕೇಟ್ಸ್ ಹಾಕಿ.

ನನ್ನ ಕನಿಷ್ಠ ಪಟ್ಟಿ: ಸಿಎ-ಸರ್ಟಿಫಿಕೇಟ್ಸ್, ಕರ್ಲ್, ಗಿಟ್, ಓಪನ್ಎಸ್ಎಸ್ಎಚ್-ಕ್ಲೈಂಟ್, ಲೆಸ್, ಪ್ಯಾಚ್, ಪ್ರೊಕ್‌ಪಿಎಸ್ (ಪಿಎಸ್ ಕಮಾಂಡ್ ಇದರಲ್ಲಿದೆ, ಸ್ಲಿಮ್‌ನಲ್ಲಿ ಇರಲ್ಲ), ಅನ್‌ಜಿಪ್, ಎಕ್ಸ್‌ಜೆಡ್-ಯುಟಿಲ್ಸ್, ಐಪಿರೂಟ್2, ಬಿಲ್ಡ್-ಎಸೆನ್ಷಿಯಲ್, ಜಿಡಿಬಿ, ಎಸ್‌ಟ್ರೇಸ್, ಒಂದು ಟರ್ಮಿನಲ್ ಎಡಿಟರ್. ಟಿಜೆಡ್‌ಡೇಟಾ ಬಂದರೆ ಬಿಲ್ಡ್ ಮಧ್ಯೆ "ಯಾವ ಭೂಭಾಗ?" ಅಂತ ಕೇಳುತ್ತಾ ನಿಂತುಬಿಡುತ್ತೆ. ಡೆಬಿಯನ್_ಫ್ರಂಟ್‌ಎಂಡ್=ನಾನ್‌ಇಂಟರಾಕ್ಟಿವ್ ಕೊಡಿ, ಆದರೆ ಆರ್ಗ್ ಆಗಿ. ಎನ್ವ್ ಆಗಿ ಕೊಟ್ಟರೆ ಅದು ಓಡುವ ಕಂಟೇನರ್‌ಗೂ ಅಂಟಿಕೊಳ್ಳುತ್ತೆ. ಲ್ಯಾಂಗ್=ಸಿ.ಯುಟಿಎಫ್-8 ಮಾತ್ರ ಎನ್ವ್ ಆಗಿಯೇ ಇರಲಿ. ಅದಿಲ್ಲದಿದ್ದರೆ ಕನ್ನಡದಲ್ಲಿ ಹೆಸರಿಟ್ಟ ಫೈಲ್ ಎಲ್ಎಸ್‌ನಲ್ಲಿ ಬರೀ ಚಿಹ್ನೆಗಳ ಸಾಲಾಗಿ ಕಾಣುತ್ತೆ.

---

ಯುಐಡಿ_ಸಾವಿರ

ರೂಟ್ ಬೇಡ. ಯುಐಡಿ (ಯೂಸರ್ ಸಂಖ್ಯೆ) 1000ದ ಒಬ್ಬ ಯೂಸರ್ ಮಾಡಿ. ಇಷ್ಟು ಹೇಳಿ ಮುಗಿಸಬಹುದಿತ್ತು, ಆದರೆ ಎಲ್ಲರೂ ಎಡವುವುದು ಇಲ್ಲೇ.

ಉಬುಂಟು ಇಮೇಜ್‌ಗಳಲ್ಲಿ 23.04ರಿಂದೀಚೆಗೆ "ಉಬುಂಟು" ಅನ್ನುವ ಯೂಸರ್ 1000ದಲ್ಲಿ ಆಗಲೇ ಕೂತಿದ್ದಾನೆ. 22.04ಕ್ಕೆ ಬರೆದ ಡಾಕರ್‌ಫೈಲನ್ನು 24.04ಕ್ಕೆ ಏರಿಸಿದ ಕೂಡಲೇ "ಯುಐಡಿ 1000 ಈಸ್ ನಾಟ್ ಯುನೀಕ್" ಅಂತ ಯೂಸರ್‌ಆ್ಯಡ್ ಬೀಳುವುದು ಅದಕ್ಕೇ. ಮೊದಲು ಯೂಸರ್‌ಡೆಲ್ -ಆರ್ ಉಬುಂಟು, ಆಮೇಲೆ ನಿಮ್ಮದು. ನೋಡ್‌ನ ಅಧಿಕೃತ ಇಮೇಜ್‌ನಲ್ಲೂ "ನೋಡ್" ಅನ್ನುವವನು 1000ದಲ್ಲಿದ್ದಾನೆ. ಡೆಬಿಯನ್ ಮತ್ತು ಪೈಥಾನ್ ಇಮೇಜ್‌ಗಳಲ್ಲಿ ಆ ಜಾಗ ಖಾಲಿ.

ನಿಮ್ಮ ಪ್ಲಾಟ್‌ಫಾರ್ಮ್ ದೊಡ್ಡ ಯುಐಡಿ ಕೇಳಿದರೆ ಯೂಸರ್‌ಆ್ಯಡ್‌ಗೆ --ನೋ-ಲಾಗ್-ಇನಿಟ್ ಮರೆಯಬೇಡಿ. ಫೇಲ್‌ಲಾಗ್ ಫೈಲ್ ಯುಐಡಿ ಲೆಕ್ಕದಲ್ಲಿ ಉದ್ದವಾಗುತ್ತದೆ. ಡಿಸ್ಕ್ ಮೇಲೆ ಅದು ಟೊಳ್ಳು ಫೈಲ್, ಆದರೆ ಇಮೇಜ್ ಪದರವಾಗಿ ಕಟ್ಟುವಾಗ ಆ ಟೊಳ್ಳಿಗೆಲ್ಲ ಸೊನ್ನೆ ತುಂಬಿ ಡಿಸ್ಕೇ ಮುಗಿಯಬಹುದು.

ಡಾಕರ್‌ಫೈಲ್‌ನ ಕೊನೆಯ ಯೂಸರ್ ಸಾಲಿನಲ್ಲಿ ಹೆಸರಿನ ಬದಲು ಅಂಕಿ ಬರೆಯಿರಿ: ಯೂಸರ್ 1000. ಪಾಡ್‌ನಲ್ಲಿ ರನ್‌ಆ್ಯಸ್‌ನಾನ್‌ರೂಟ್ ಇದ್ದು ಇಮೇಜ್‌ನಲ್ಲಿ "ಡೆವ್" ಅಂತ ಹೆಸರಿದ್ದರೆ, ಅದು ರೂಟ್ ಅಲ್ಲ ಅಂತ ಕುಬ್‌ಲೆಟ್‌ಗೆ ಖಾತ್ರಿ ಮಾಡಿಕೊಳ್ಳಲು ಬರುವುದಿಲ್ಲ, ಕಂಟೇನರ್ ಏಳುವುದೇ ಇಲ್ಲ. ಓಪನ್‌ಶಿಫ್ಟ್ (ರೆಡ್ ಹ್ಯಾಟ್‌ನ ಕುಬರ್ನೆಟಿಸ್) ಆದರೆ ಕಥೆ ಬೇರೆ. ಅದು ಯಾವುದೋ ಒಂದು ಯುಐಡಿ ಕೊಡುತ್ತದೆ, ಗ್ರೂಪ್ ಮಾತ್ರ 0. ಅಲ್ಲಿಗೆ ಬರೆಯಬೇಕಾದ ಡೈರೆಕ್ಟರಿಗಳಿಗೆ ಗ್ರೂಪ್ 0 ಕೊಟ್ಟು, ಸಿಎಚ್‌ಮಾಡ್ ಜಿ=ಯು ಮಾಡಬೇಕು.

ಸುಡೊ ನೆಚ್ಚಿಕೊಳ್ಳಬೇಡಿ. ಅಲೌಪ್ರಿವಿಲೇಜ್‌ಎಸ್ಕಲೇಶನ್: ಫಾಲ್ಸ್ ಇದ್ದ ಪಾಡ್‌ನಲ್ಲಿ ಸುಡೊ "ನೋ ನ್ಯೂ ಪ್ರಿವಿಲೇಜಸ್" ಅಂತ ಹೇಳಿ ಕೈಚೆಲ್ಲುತ್ತದೆ. ಬೇಕಾದ ಪ್ಯಾಕೇಜ್ ಇಮೇಜ್‌ನಲ್ಲೇ ಇರಬೇಕು.

ಈಗ ಮುಖ್ಯವಾದದ್ದು, ಹೋಮ್ ವಾಲ್ಯೂಮ್. ಇಮೇಜ್‌ನ /ಹೋಮ್/ಡೆವ್ ಒಳಗೆ ಏನೇ ಇಟ್ಟಿದ್ದರೂ ವಾಲ್ಯೂಮ್ ಮೌಂಟ್ ಆದ ಕೂಡಲೇ ಅದು ಮರೆಯಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಡಾಕರ್‌ನ ಹೆಸರಿಟ್ಟ ವಾಲ್ಯೂಮ್ ಖಾಲಿ ಇದ್ದರೆ ಇಮೇಜ್‌ನಲ್ಲಿದ್ದುದನ್ನು ಮೊದಲ ಸಲ ಅದರೊಳಗೆ ಕಾಪಿ ಮಾಡಿಕೊಳ್ಳುತ್ತದೆ, ಕುಬರ್ನೆಟಿಸ್ ಮಾಡುವುದಿಲ್ಲ. ಹಾಗಾಗಿ ಲೋಕಲ್‌ನಲ್ಲಿ ಎಲ್ಲ ಸರಿ, ಕ್ಲಸ್ಟರ್‌ನಲ್ಲಿ ಹೋಮ್ ಖಾಲಿ. ನಿಯಮ ಇಷ್ಟೇ: ಟೂಲ್‌ಗಳೆಲ್ಲ /ಯೂಸರ್/ಲೋಕಲ್ ಅಥವಾ /ಆಪ್ಟ್‌ನಲ್ಲಿ. ಎನ್‌ವಿಎಂ, ಪೈಎನ್ವ್ ಥರದವು ಹೇಳದಿದ್ದರೆ ಹೋಮ್‌ನಲ್ಲೇ ಕೂರುತ್ತವೆ, ಅವುಗಳ ಡೈರೆಕ್ಟರಿಯನ್ನು ಬೇರೆ ಕಡೆ ತೋರಿಸಿ. ಡಾಟ್ ಫೈಲ್‌ಗಳನ್ನು /ಇಟಿಸಿ/ಸ್ಕೆಲ್‌ನಲ್ಲಿಟ್ಟು, ಶುರುವಿನ ಸ್ಕ್ರಿಪ್ಟ್‌ನಲ್ಲಿ ಇಲ್ಲದವನ್ನು ಮಾತ್ರ ಕಾಪಿ ಮಾಡಿ. "ಹೋಮ್ ಖಾಲಿ ಇದ್ದರೆ" ಅಂತ ಪರೀಕ್ಷೆ ಬರೆದರೆ ಕೆಲಸ ಮಾಡದು, ಹೊಸ ಇಎಕ್ಸ್‌ಟಿ4 ವಾಲ್ಯೂಮ್‌ನಲ್ಲಿ ಲಾಸ್ಟ್+ಫೌಂಡ್ ಅನ್ನುವ ಡೈರೆಕ್ಟರಿ ಹುಟ್ಟಿನಿಂದಲೇ ಇರುತ್ತದೆ. ಗುರುತಿಗೆ ಒಂದು ಫೈಲ್ ಇಟ್ಟು ಅದನ್ನು ನೋಡಿ.

ವಾಲ್ಯೂಮ್ ರೂಟ್ ಹೆಸರಿನಲ್ಲಿ ಬಂದರೆ ಪಾಡ್‌ಗೆ ಎಫ್‌ಎಸ್‌ಗ್ರೂಪ್: 1000 ಕೊಡಿ, ಜೊತೆಗೆ ಎಫ್‌ಎಸ್‌ಗ್ರೂಪ್‌ಚೇಂಜ್‌ಪಾಲಿಸಿ: ಆನ್‌ರೂಟ್‌ಮಿಸ್‌ಮ್ಯಾಚ್. ಎರಡನೆಯದು ಇಲ್ಲದಿದ್ದರೆ ಪ್ರತಿ ಸಲ ಪಾಡ್ ಏಳುವಾಗ ಇಡೀ ವಾಲ್ಯೂಮ್‌ನ ಪ್ರತಿ ಫೈಲ್‌ನ ಪರ್ಮಿಶನ್ ತಿದ್ದುತ್ತಾ ಕೂರುತ್ತದೆ. ನೋಡ್_ಮಾಡ್ಯೂಲ್ಸ್ ಇರುವ ಹೋಮ್‌ನಲ್ಲಿ ಅದೆಷ್ಟು ಫೈಲ್ ಅಂತ ನಿಮಗೇ ಗೊತ್ತು. ಎಷ್ಟೋ ಸಲ "ಇಮೇಜ್ ದೊಡ್ಡದು, ಅದಕ್ಕೇ ನಿಧಾನ" ಅಂತ ಬೈಸಿಕೊಳ್ಳುವುದು ಇಮೇಜ್, ತಪ್ಪು ಇದರದ್ದು.

---

ಹೊಸಪದರ

ಬಹಳ ಉಪಕಾರ. ಡೆಬಿಯನ್:ಬುಕ್‌ವರ್ಮ್ ಮೇಲೆ ಕಟ್ಟಿ ನೋಡಿದೆ. ಮೂರು ಕಡೆ ಸಿಕ್ಕಿಕೊಂಡಿದೆ.

ಎಪಿಟಿಯಲ್ಲಿ ಸಿಗೋ ಪೈಥಾನ್ 3.11, ನಮಗೆ ಬೇಕಿರೋದು 3.12. ಅದರಲ್ಲಿ ಪಿಪ್ ಇನ್‌ಸ್ಟಾಲ್ ಕೊಟ್ಟರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಅಂತ ತಡೆಯುತ್ತೆ. ಗೋವನ್ನು /ಯೂಸರ್/ಲೋಕಲ್/ಗೋದಲ್ಲಿ ಇಟ್ಟು ಎನ್ವ್ ಪಾತ್ ಕೊಟ್ಟಿದ್ದೇನೆ. ಕುಬ್‌ಸಿಟಿಎಲ್ ಎಕ್ಸೆಕ್‌ನಲ್ಲಿ ಗೋ ಓಡುತ್ತೆ, ಟರ್ಮಿನಲ್ ತೆರೆದರೆ "ಕಮಾಂಡ್ ನಾಟ್ ಫೌಂಡ್". ಇಷ್ಟೆಲ್ಲ ತಲೆನೋವಿನ ಬದಲು ಯುನಿವರ್ಸಲ್ ಇಮೇಜೇ ತಗೊಂಡರೆ?

---

ಅಡಿಪಾಯ

ಬೇಸ್ ಒಂದು ಹೆಜ್ಜೆ ಮೇಲಕ್ಕೆ ಸರಿಸಿ: ಪೈಥಾನ್:3.12-ಬುಕ್‌ವರ್ಮ್, ಸ್ಲಿಮ್ ಅಲ್ಲದ್ದು. ಬಿಚ್ಚಿದಾಗ ಸುಮಾರು 1 ಜಿಬಿ, ಆದರೆ ಜಿಸಿಸಿ, ಗಿಟ್, ಕರ್ಲ್, ಹೆಡರ್‌ಗಳು ಎಲ್ಲ ಒಳಗೇ ಇವೆ, ನೀವು ಹೇಗಿದ್ದರೂ ಹಾಕುವಂಥವೇ. ಪೈಥಾನ್ 3.12 ಅಲ್ಲಿ /ಯೂಸರ್/ಲೋಕಲ್‌ನಲ್ಲಿದೆ, ಆ ಎಕ್ಸ್‌ಟರ್ನಲಿ ಮ್ಯಾನೇಜ್ಡ್ ತಡೆ ಅದಕ್ಕೆ ಅನ್ವಯಿಸುವುದಿಲ್ಲ. ಡೆಬಿಯನ್ 12ರಲ್ಲಿ ಆ ತಡೆ ಇರುವುದು ಎಪಿಟಿಯ ಪೈಥಾನನ್ನು ಪಿಪ್ ಕೆಡಿಸದಿರಲಿ ಅಂತ; --ಬ್ರೇಕ್-ಸಿಸ್ಟಂ-ಪ್ಯಾಕೇಜಸ್ ಹಾಕಿ ಮುರಿಯುವುದಕ್ಕಿಂತ ಪ್ರಾಜೆಕ್ಟ್‌ಗೊಂದು ವೆನ್ವ್ (ಪ್ರತ್ಯೇಕ ಪೈಥಾನ್ ಪರಿಸರ) ಮಾಡಿಕೊಳ್ಳಿ.

ಒಂದು ಗುಂಡಿ ಉಂಟು. ಈ ಇಮೇಜ್‌ನಲ್ಲಿ ಪೈಥಾನ್ ಎರಡಿದೆ. /ಯೂಸರ್/ಲೋಕಲ್/ಬಿನ್‌ನಲ್ಲಿ 3.12, /ಯೂಸರ್/ಬಿನ್‌ನಲ್ಲಿ ಡೆಬಿಯನ್‌ನ 3.11. ಎಪಿಟಿಯಿಂದ ಪೈಥಾನ್3- ಅಂತ ಶುರುವಾಗುವ ಯಾವುದೇ ಲೈಬ್ರರಿ ಹಾಕಿದರೆ ಅದು 3.11ಕ್ಕೆ ಸೇರುತ್ತದೆ, ನಿಮ್ಮ 3.12 "ಮಾಡ್ಯೂಲ್ ನಾಟ್ ಫೌಂಡ್" ಅನ್ನುತ್ತದೆ. ಪೈಥಾನ್ ಲೈಬ್ರರಿಗೆ ಪಿಪ್, ಸಿ ಲೈಬ್ರರಿಗೆ ಎಪಿಟಿ, ಬೆರೆಸಬೇಡಿ.

ನೋಡ್ ಮತ್ತು ಗೋವನ್ನು ಅವುಗಳ ಅಧಿಕೃತ ಬುಕ್‌ವರ್ಮ್ ಇಮೇಜ್‌ಗಳಿಂದ ಕಾಪಿ --ಫ್ರಮ್ ಮೂಲಕ ತನ್ನಿ. ಗೋ ಸುಲಭ, /ಯೂಸರ್/ಲೋಕಲ್/ಗೋ ಪೂರ್ತಿ ಎತ್ತಿ ಇಡಿ. ನೋಡ್‌ಗೆ ಬೇಕಿರುವುದು /ಯೂಸರ್/ಲೋಕಲ್/ಬಿನ್/ನೋಡ್ ಮತ್ತು /ಯೂಸರ್/ಲೋಕಲ್/ಲಿಬ್/ನೋಡ್_ಮಾಡ್ಯೂಲ್ಸ್. ಬಿನ್‌ನಲ್ಲಿರುವ ಎನ್‌ಪಿಎಂ ಒಂದು ಸಿಂಬಾಲಿಕ್ ಲಿಂಕ್. ಅದನ್ನು ನೇರವಾಗಿ ಕಾಪಿ ಮಾಡಿದರೆ ಲಿಂಕ್ ಬದಲು ಅದು ತೋರಿಸುವ ಫೈಲ್ ಬಂದು ಕೂರುತ್ತದೆ, ಆ ಫೈಲ್ ಪಕ್ಕದ ಲಿಬ್ ಹುಡುಕಿ ಸಿಗದೆ ಬೀಳುತ್ತದೆ. ಕಾಪಿ ಮಾಡಬೇಡಿ; ಎಲ್ಎನ್ -ಎಸ್ ಕೊಟ್ಟು ../ಲಿಬ್/ನೋಡ್_ಮಾಡ್ಯೂಲ್ಸ್/ಎನ್‌ಪಿಎಂ/ಬಿನ್/ಎನ್‌ಪಿಎಂ-ಸಿಎಲ್ಐ.ಜೆಎಸ್‌ಗೆ ನೀವೇ ಲಿಂಕ್ ಹಾಕಿ. ಎನ್‌ಪಿಎಕ್ಸ್‌ಗೂ ಹಾಗೇ.

---

ಯುಐಡಿ_ಸಾವಿರ

ಗೋ ಕಾಣದಿರುವುದು ಲಾಗಿನ್ ಶೆಲ್‌ನ ಕೆಲಸ. ಡೆಬಿಯನ್‌ನ /ಇಟಿಸಿ/ಪ್ರೊಫೈಲ್ ಫೈಲ್ ಪಾತ್‌ಗೆ ಏನನ್ನೂ ಸೇರಿಸುವುದಿಲ್ಲ, ಇದ್ದುದನ್ನು ಅಳಿಸಿ ಹೊಸದಾಗಿ ಬರೆಯುತ್ತದೆ. ನಿಮ್ಮ ಎನ್ವ್ ಪಾತ್ ಎಕ್ಸೆಕ್‌ಗೆ ಸಿಗುತ್ತದೆ, ಬ್ಯಾಶ್ -ಎಲ್‌ನಲ್ಲಿ ಅಳಿಸಿಹೋಗುತ್ತದೆ. ಪರೀಕ್ಷಿಸಲು ಬ್ಯಾಶ್ -ಸಿ ಮತ್ತು ಬ್ಯಾಶ್ -ಎಲ್‌ಸಿ ಎರಡರಲ್ಲೂ ಎಕೋ ಪಾತ್ ಮಾಡಿ ಹೋಲಿಸಿ. ಸರಿಪಡಿಸಲು ಗೋ ಮತ್ತು ಗೋಎಫ್‌ಎಂಟಿಗೆ /ಯೂಸರ್/ಲೋಕಲ್/ಬಿನ್‌ನಲ್ಲಿ ಲಿಂಕ್ ಹಾಕಿ, ಅದು ಎರಡೂ ಪಾತ್‌ನಲ್ಲಿದೆ. ಅಥವಾ /ಇಟಿಸಿ/ಪ್ರೊಫೈಲ್.ಡಿ ಒಳಗೆ ಒಂದು .ಎಸ್ಎಚ್ ಫೈಲ್. ಬ್ಯಾಶ್‌ಆರ್‌ಸಿಯಲ್ಲಿ ಬರೆಯುವುದು ಬೇಡ: ಅದು ಹೋಮ್ ವಾಲ್ಯೂಮ್‌ನಲ್ಲಿದೆ, ಮೇಲಾಗಿ ಇಂಟರಾಕ್ಟಿವ್ ಅಲ್ಲದ ಶೆಲ್‌ನಲ್ಲಿ ಮೊದಲ ಸಾಲುಗಳಲ್ಲೇ ವಾಪಸ್ ಹೋಗಿಬಿಡುತ್ತದೆ. ಎಡಿಟರ್‌ನ ಟಾಸ್ಕ್‌ಗಳಿಗೆ ಸಿಗುವುದಿಲ್ಲ.

---

ಕೊನೆಸಾಲು

ಯುನಿವರ್ಸಲ್ ಇಮೇಜ್ ಬಗ್ಗೆ: ಇವತ್ತು ಸಂಜೆಯೊಳಗೆ ಡೆಮೊ ತೋರಿಸಬೇಕಿದ್ದರೆ ತಗೊಳ್ಳಿ. ಹಲವು ಜಿಬಿ, ಬೇಡದ ಭಾಷೆಗಳು ಹತ್ತಾರು. ಬಳಸದ ಟೂಲ್‌ಗಳ ಸೆಕ್ಯುರಿಟಿ ಎಚ್ಚರಿಕೆಗಳೆಲ್ಲ ನಿಮ್ಮ ಸ್ಕ್ಯಾನರ್ ವರದಿಗೆ ಬಂದು ಕೂರುತ್ತವೆ, ನಿಜವಾಗಿ ನೋಡಬೇಕಾದ್ದು ಅದರಡಿ ಹೂತುಹೋಗುತ್ತದೆ. ಡೆವ್‌ಕಂಟೇನರ್‌ನ ಸಣ್ಣ ಬೇಸ್ ಇಮೇಜ್ ಮೇಲೆ ಬೇಕಾದ "ಫೀಚರ್" ಮಾತ್ರ ಸೇರಿಸುವ ದಾರಿಯೂ ಇದೆ, ಅದು ಚೆನ್ನಾಗಿದೆ. ಫೀಚರ್ ಅಂದರೆ ಬಿಲ್ಡ್ ಹೊತ್ತಿಗೆ ರೂಟ್ ಆಗಿ ಓಡುವ ಶೆಲ್ ಸ್ಕ್ರಿಪ್ಟ್ ಅಷ್ಟೇ. ಬಹುಪಾಲು ಎಪಿಟಿ ನಂಬಿ ಬರೆದವು, ಆಲ್ಪೈನ್ ಮೇಲೆ ನಿಲ್ಲುವುದಿಲ್ಲ.

ಉಬುಂಟು ಕಡೆ ಮನಸ್ಸು ವಾಲಿದರೆ ಇನ್ನೊಂದು ಗೊತ್ತಿರಲಿ. ಫ್ರಂಟೆಂಡ್ ಪರೀಕ್ಷೆಗೆ ಕ್ರೋಮಿಯಂ ಬೇಕಾದರೆ ಉಬುಂಟುವಿನ ಕ್ರೋಮಿಯಂ-ಬ್ರೌಸರ್ ಪ್ಯಾಕೇಜ್ ಬರೀ ಹೊದಿಕೆ, ಅದು ಸ್ನ್ಯಾಪ್ ಕಡೆಗೆ ಕೈ ತೋರಿಸುತ್ತದೆ, ಸ್ನ್ಯಾಪ್ ಮಾಮೂಲಿ ಕಂಟೇನರ್‌ನಲ್ಲಿ ಓಡದು. ಡೆಬಿಯನ್‌ನಲ್ಲಿ ಕ್ರೋಮಿಯಂ ನಿಜವಾದ ಡೆಬ್. ಎಲ್ಲೇ ಹಾಕಿ, /ಡೆವ್/ಎಸ್ಎಚ್ಎಂ ಡೀಫಾಲ್ಟ್ 64 ಎಂಬಿ; ಟ್ಯಾಬ್‌ಗಳು ಕಾರಣವಿಲ್ಲದೆ ಸಾಯುತ್ತಿದ್ದರೆ ಅಲ್ಲಿಗೆ ಮೆಮೊರಿ ಮಾಧ್ಯಮದ ಎಂಪ್ಟಿಡಿರ್ (ತಾತ್ಕಾಲಿಕ ವಾಲ್ಯೂಮ್) ಮೌಂಟ್ ಮಾಡಿ.

ಟ್ಯಾಗ್ ಬರೆಯುವಾಗ ಡೆಬಿಯನ್ ಹೆಸರು ಬಿಡಬೇಡಿ. ಬರೀ ಪೈಥಾನ್:3.12 ಅಂತ ಬರೆದವರ ಇಮೇಜ್‌ನ ಬುಡ 2025ರ ಆಗಸ್ಟ್‌ನಲ್ಲಿ ಟ್ರಿಕ್ಸಿ ಬಂದಾಗ ಬುಕ್‌ವರ್ಮ್‌ನಿಂದ ಟ್ರಿಕ್ಸಿಗೆ ಸರಿಯಿತು, ಪೈಥಾನ್ ಆವೃತ್ತಿ ಮಾತ್ರ ಅದೇ. ಹೆಸರಿಟ್ಟರೂ ಟ್ಯಾಗ್ ಅಡಿಯಲ್ಲಿ ಇಮೇಜ್ ಬದಲಾಗುತ್ತಿರುತ್ತದೆ, ಆದ್ದರಿಂದ ಶಾ256 ಡೈಜೆಸ್ಟ್ (ಇಮೇಜ್‌ನ ಬದಲಾಗದ ಗುರುತು) ಕೂಡ ಸೇರಿಸಿ. ಎಆರ್‌ಎಂ64 ಮತ್ತು ಎಎಂಡಿ64 ಎರಡೂ ಬೇಕಾದರೆ ಇಂಡೆಕ್ಸ್‌ನ (ಎಲ್ಲ ಪ್ಲಾಟ್‌ಫಾರ್ಮ್ ಇಮೇಜ್‌ಗಳ ಪಟ್ಟಿ) ಡೈಜೆಸ್ಟ್ ತೆಗೆದುಕೊಳ್ಳಿ: ಡಾಕರ್ ಬಿಲ್ಡ್‌ಎಕ್ಸ್ ಇಮೇಜ್‌ಟೂಲ್ಸ್ ಇನ್ಸ್‌ಪೆಕ್ಟ್ ಕೊಟ್ಟಾಗ ಮೇಲ್ಗಡೆ ಮೊದಲು ಕಾಣುವುದು ಅದೇ. ಕೆಳಗೆ ಒಂದೊಂದು ಪ್ಲಾಟ್‌ಫಾರ್ಮ್‌ಗೂ ಬೇರೆ ಬೇರೆ ಇರುತ್ತವೆ. ಅದರಲ್ಲೊಂದನ್ನು ಅಂಟಿಸಿದರೆ ಇನ್ನೊಂದು ಬಗೆಯ ಯಂತ್ರದಲ್ಲಿ "ಎಕ್ಸೆಕ್ ಫಾರ್ಮ್ಯಾಟ್ ಎರರ್" ಬರುತ್ತದೆ.

ಡೈಜೆಸ್ಟ್ ಕಟ್ಟಿಹಾಕಿದ ಮೇಲೆ ಅದನ್ನು ಬಿಚ್ಚಿ ಕಟ್ಟುವ ಕೆಲಸ ನಿಮ್ಮದೇ. ರೆನೊವೇಟ್ ಥರದ ಬಾಟ್ ಹೊಸ ಡೈಜೆಸ್ಟ್‌ಗೆ ಪುಲ್ ರಿಕ್ವೆಸ್ಟ್ ಹಾಕಲಿ, ವಾರಕ್ಕೊಮ್ಮೆ ಕ್ಯಾಶ್ ಇಲ್ಲದೆ ಪೂರ್ತಿ ಬಿಲ್ಡ್ ಆಗಲಿ. ಬೇಸನ್ನು ನಿಮ್ಮ ರಿಜಿಸ್ಟ್ರಿಗೆ ಕಾಪಿ ಮಾಡಿಟ್ಟುಕೊಳ್ಳಿ. ಒಂದೇ ಐಪಿ ಹಿಂದೆ ನೂರು ಪಾಡ್ ಇದ್ದಾಗ ಸಾರ್ವಜನಿಕ ರಿಜಿಸ್ಟ್ರಿ "ಟೂ ಮೆನಿ ರಿಕ್ವೆಸ್ಟ್ಸ್" ಅನ್ನುವುದು ಸಹಜ.

---

ಹೊಸಪದರ

ಗೋ ಲಿಂಕ್ ಹಾಕಿದೆ, ಸರಿಹೋಯ್ತು. ಹೊಸ ಇಮೇಜ್ ಸಿದ್ಧ. ಹಳೇ ಹೋಮ್ ವಾಲ್ಯೂಮ್‌ಗಳಿಗೆ ಇದನ್ನೇ ಜೋಡಿಸಿದರೆ ಸಾಕಲ್ಲ?

---

ಅಡಿಪಾಯ

ಸಾಲದು. ಆ ವಾಲ್ಯೂಮ್‌ಗಳ ತುಂಬ ಮಸಲ್ ಕಸ ಇದೆ. ಹಳೇ ವೆನ್ವ್‌ನ ಕಂಪೈಲ್ ಆದ ಮಾಡ್ಯೂಲ್‌ಗಳು, ನೋಡ್_ಮಾಡ್ಯೂಲ್ಸ್‌ನ .ನೋಡ್ ಫೈಲ್‌ಗಳು ಎಲ್ಲ ಆಲ್ಪೈನ್‌ಗೆ ಕಟ್ಟಿದವು. ಜೋಡಿಸಿದ ಕೂಡಲೇ "ಲಿಬ್‌ಸಿ.ಮಸಲ್-ಎಕ್ಸ್86_64.ಎಸ್ಓ.1: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್" ಶುರುವಾಗುತ್ತದೆ, ಜನ ಹೊಸ ಇಮೇಜನ್ನು ಬೈಯುತ್ತಾರೆ.

ಪ್ರತಿ ಹೋಮ್‌ನಲ್ಲೂ ಒಂದು ಸಲ ಅಳಿಸಬೇಕಾದ್ದು: ಎಲ್ಲ ವೆನ್ವ್, ಎಲ್ಲ ನೋಡ್_ಮಾಡ್ಯೂಲ್ಸ್, .ಲೋಕಲ್ ಒಳಗಿನ ಪಿಪ್ ಸಾಮಾನು, ಪಿಪ್ ಕ್ಯಾಶ್ (ಆಲ್ಪೈನ್‌ನಲ್ಲಿ ತಾನೇ ಕಟ್ಟಿದ ವೀಲ್‌ಗಳು ಅಲ್ಲಿರುತ್ತವೆ), ಮತ್ತು .ವಿಎಸ್‌ಕೋಡ್-ಸರ್ವರ್. ಕೊನೆಯದರಲ್ಲಿ ಎಕ್ಸ್‌ಟೆನ್ಷನ್‌ಗಳೂ ಆಲ್ಪೈನ್ ಬಿಲ್ಡ್ ಆಗಿರುತ್ತವೆ. ಎಡಿಟರ್ ಮರುಸಂಪರ್ಕವಾದಾಗ ಸರ್ವರ್ ತಾನೇ ಇಳಿಯುತ್ತದೆ, ಎಕ್ಸ್‌ಟೆನ್ಷನ್‌ಗಳನ್ನು ಮತ್ತೆ ಹಾಕಬೇಕು. ಗಿಟ್ ರೆಪೊ, ಎಸ್ಎಸ್ಎಚ್ ಕೀ, ಶೆಲ್ ಹಿಸ್ಟರಿ ಮುಟ್ಟಬೇಡಿ. ಹಳೇ ಬ್ಯಾಶ್‌ಆರ್‌ಸಿ ಅಥವಾ .ಪ್ರೊಫೈಲ್‌ನಲ್ಲಿ ಎಪಿಕೆ (ಆಲ್ಪೈನ್‌ನ ಪ್ಯಾಕೇಜ್ ಟೂಲ್) ಸಾಲುಗಳಿದ್ದರೆ ಕಣ್ಣಾಡಿಸಿ.

ಇದನ್ನು ಶುರುವಿನ ಸ್ಕ್ರಿಪ್ಟ್‌ಗೇ ಸೇರಿಸಿಬಿಡಿ. ಹೋಮ್‌ನಲ್ಲಿ ಒಂದು ಗುರುತಿನ ಫೈಲ್, ಅದರೊಳಗೆ "ಬುಕ್‌ವರ್ಮ್ 3.12 127" ಅಂತ ಒಂದು ಸಾಲು. ಕೊನೆಯದು ನೋಡ್ 22ರ ಮಾಡ್ಯೂಲ್ ಆವೃತ್ತಿ, ನೋಡ್ 20ರದ್ದು 115. ಇಮೇಜ್‌ನಲ್ಲಿರುವ ಸಾಲಿಗೂ ಹೋಮ್‌ನಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಅಳಿಸಬೇಕಾದ್ದರ ಪಟ್ಟಿ ತೋರಿಸಲಿ, ಕೇಳಿಯೇ ಅಳಿಸಲಿ. ಮುಂದೆ 3.13ಕ್ಕೆ ಏರಿಸಿದಾಗಲೂ ಇದೇ ಬೇಕಾಗುತ್ತದೆ: ವೆನ್ವ್‌ನ ಪೈಥಾನ್ ಬರೀ ಲಿಂಕ್, ಅದು ಹೊಸ ಪೈಥಾನ್‌ಗೆ ತಿರುಗಿ ಲಿಬ್/ಪೈಥಾನ್3.13 ಹುಡುಕುತ್ತದೆ, ನಿಮ್ಮ ಪ್ಯಾಕೇಜ್‌ಗಳು 3.12ರ ಡೈರೆಕ್ಟರಿಯಲ್ಲೇ ಕೂತಿರುತ್ತವೆ.